ಎಣಿಕೆ ಹೆಚ್ಚಿದರೆ ಸಾಲದು: ಎಚ್‌ಐವಿ ಮತ್ತು ದೇಹದ ರಕ್ಷಣಾಬಲ

ದೇಹವನ್ನು ಕಾಯಬೇಕಾದ ಜೀವಕೋಶಗಳಲ್ಲೇ ನೆಲೆಯೂರುವುದು ಎಚ್‌ಐವಿ ವೈರಾಣುವಿನ ಅತ್ಯಂತ ಅಪಾಯಕಾರಿ ಗುಣ. ರೋಗನಿರೋಧಕ ವ್ಯವಸ್ಥೆಯ ಇತರ ಕೋಶಗಳನ್ನು ಕಾರ್ಯಪ್ರವೃತ್ತಗೊಳಿಸುವ, ಸಿಡಿ4 ಎಂಬ ಹೆಸರಿನ ಬಿಳಿ ರಕ್ತಕಣಗಳನ್ನು ಹೊಕ್ಕು, ಅದು ತನ್ನ ಆನುವಂಶಿಕ ಮಾಹಿತಿಯನ್ನು ಅವುಗಳ ಡಿಎನ್‌ಎಯಲ್ಲಿ ಸೇರಿಸಿಬಿಡುತ್ತದೆ. 1996ರ ಸುಮಾರಿಗೆ ರೂಢಿಗೆ ಬಂದ, ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಎಆರ್‌ಟಿ ಚಿಕಿತ್ಸೆಯು ವೈರಾಣು ವೃದ್ಧಿಯಾಗುವುದನ್ನು ತಡೆಯುತ್ತದೆಯಾದರೂ, ಕೋಶಗಳಲ್ಲಿ ಸುಪ್ತವಾಗಿ ಅಡಗಿರುವುದನ್ನು ಮುಟ್ಟಲಾರದು. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬಹುತೇಕರಲ್ಲಿ ಸೋಂಕು ಮರುಕಳಿಸುವುದು ಈ ಕಾರಣದಿಂದಲೇ.

ದೇಹದ ರಕ್ಷಣಾಬಲವನ್ನೇ ಹೆಚ್ಚಿಸಿ ಸೋಂಕನ್ನು ಹತ್ತಿಕ್ಕುವ ಯತ್ನಗಳಲ್ಲಿ ಇಂಟರ್‌ಲ್ಯೂಕಿನ್-2ರ ಪ್ರಯೋಗ ಬಹಳ ದೊಡ್ಡದು. ಸಿಡಿ4 ಸೇರಿದಂತೆ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಬೆಳವಣಿಗೆಯನ್ನು ಪ್ರಚೋದಿಸುವ, ದೇಹದಲ್ಲೇ ತಯಾರಾಗುವ ಈ ಪ್ರೋಟೀನನ್ನು ಚುಚ್ಚುಮದ್ದಾಗಿ ಎಆರ್‌ಟಿಯೊಡನೆ ನೀಡಿ, 5,800ಕ್ಕೂ ಹೆಚ್ಚು ಜನರು ಪಾಲ್ಗೊಂಡ ಎರಡು ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಪರೀಕ್ಷಿಸಲಾಯಿತು. ಸಿಡಿ4 ಎಣಿಕೆ ನಿಜಕ್ಕೂ ಏರಿತು. ಆದರೆ ಎಆರ್‌ಟಿ ಮಾತ್ರ ಪಡೆದವರಿಗೆ ಹೋಲಿಸಿದರೆ ಕಾಯಿಲೆಯಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲವೆಂದು 2009ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಹೇಳಿ ಮಾರುವ ಯಾವುದೇ ಪುಡಿ, ಕಷಾಯವನ್ನು ನಂಬುವ ಮೊದಲು ನೆನೆಯಬೇಕಾದ ಫಲಿತಾಂಶವಿದು.

ರಕ್ಷಣೆಯ ಪ್ರಮಾಣಕ್ಕಿಂತ ಅದರ ಗುರಿ ಮುಖ್ಯವೆಂಬುದಕ್ಕೆ, ಔಷಧಿಯಿಲ್ಲದೆಯೇ ವೈರಾಣುವನ್ನು ಹದ್ದುಬಸ್ತಿನಲ್ಲಿಡುವ ವಿರಳ ಸೋಂಕಿತರು ಸಾಕ್ಷಿ. ನೂರಕ್ಕೆ ಒಬ್ಬರಿಗಿಂತಲೂ ಕಡಿಮೆಯಿರುವ ಇಂಥವರಲ್ಲಿ ಅನೇಕರ ಸಿಡಿ8 ಕೋಶಗಳು, ಅಂದರೆ ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಕಣಗಳು, ವೈರಾಣು ಸುಲಭವಾಗಿ ಬದಲಿಸಿಕೊಳ್ಳಲಾರದ ಭಾಗಗಳನ್ನೇ ಗುರುತಿಸುತ್ತವೆ. ಕೆಲವು ಸೋಂಕಿತರ ದೇಹ ವರ್ಷಗಳ ನಂತರ ತಯಾರಿಸುವ, ವೈರಾಣುವಿನ ಹಲವು ತಳಿಗಳನ್ನು ತಡೆಯಬಲ್ಲ ಪ್ರತಿಕಾಯಗಳೂ ಇದೇ ಬಗೆಯವು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ತಂಡ ಇಂಥ ಎರಡು ಪ್ರತಿಕಾಯಗಳನ್ನು ಒಟ್ಟಿಗೆ ರಕ್ತನಾಳಕ್ಕೆ ನೀಡಿ, ವೈದ್ಯರ ನಿಗಾದಲ್ಲಿ ಎಆರ್‌ಟಿ ನಿಲ್ಲಿಸಿದಾಗ, ಅವೆರಡಕ್ಕೂ ಮಣಿಯುವ ವೈರಾಣುವಿದ್ದ ಒಂಬತ್ತು ಮಂದಿಯಲ್ಲಿ ಸೋಂಕು ಕನಿಷ್ಠ 15 ವಾರ ತಲೆಯೆತ್ತಲಿಲ್ಲ. ಇಬ್ಬರಲ್ಲಿ 30 ವಾರ ದಾಟಿದರೂ ಮರಳಲಿಲ್ಲ. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದಾದರೂ ಮಹತ್ವದ್ದು. ಆದರೆ ಪ್ರತಿಕಾಯಗಳಿಗೆ ಬಗ್ಗದ ತಳಿ ಮೊದಲೇ ದೇಹದಲ್ಲಿದ್ದರೆ ಚಿಕಿತ್ಸೆ ಸೋಲುತ್ತದೆ, ಅಡಗಿದ ವೈರಾಣುವನ್ನು ಬೇರುಸಹಿತ ತೆಗೆಯುವ, ಎಲ್ಲರಿಗೂ ಬಳಸಬಹುದಾದ ಬಗೆಯೂ ಇನ್ನೂ ಕೈಗೂಡಿಲ್ಲ.

ಆದ್ದರಿಂದ ಸೋಂಕಿತರು ಯಾರ ಭರವಸೆಯ ಮಾತಿಗೂ ಮರುಳಾಗಿ ಮಾತ್ರೆ ಬಿಡಬಾರದು. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಅದು ಉಚಿತವಾಗಿ ದೊರೆಯುತ್ತದೆ.