ಕೆಳಗೆ ಆನೆ, ಮೇಲೆ ಕಥೆ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಬೆರಳಿಡುವಷ್ಟು ಬರಿಜಾಗ ಸಿಗುವುದು ಕಷ್ಟ. ಆದರೂ ಅಲ್ಲಿ ಕಣ್ಣು ಕಂಗಾಲಾಗುವುದಿಲ್ಲ. ಎಲ್ಲಿ ಸಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಕಲ್ಲೇ ಹೇಳುತ್ತದೆ. ಈ ಜಾಣ್ಮೆ ಒಂದೇ ತಲೆಮಾರಿನಲ್ಲಿ ಬಂದದ್ದಲ್ಲ.

ಬಾದಾಮಿ ಚಾಲುಕ್ಯರ ಶಿಲ್ಪಿಗಳಿಗೆ ಸಿಕ್ಕಿದ್ದು ಮರಳುಗಲ್ಲು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಮೂರ್ತಿಗಳ ನಡುವೆ ಸಾದಾ ಗೋಡೆ ಧಾರಾಳವಾಗಿದೆ. ಆ ಬಯಲೇ ಮೂರ್ತಿಯನ್ನು ಎತ್ತಿ ತೋರಿಸುತ್ತದೆ. 11ನೇ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಬಳಪದ ಕಲ್ಲು ಬಳಕೆಗೆ ಬಂತು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಆಮೇಲೆ ಗಾಳಿಗೆ ಗಟ್ಟಿಯಾಗುವ ಕಲ್ಲು ಅದು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಅದರ ಫಲ ಕಾಣುತ್ತದೆ: ಒಂದರ ಪಕ್ಕ ಒಂದರಂತೆ ಶಾಖೆಗಳು, ಬಳ್ಳಿಗಳು, ಪುಟ್ಟ ಆಕೃತಿಗಳು. ಅತಿ ನಯವಾದ ಕೆಲಸ ಬಾಗಿಲಿಗೇ ಮೀಸಲು.

1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅದರ ಬೆನ್ನಿಗೇ ಎದ್ದ ಹಳೇಬೀಡಿನ ಗುಡಿಯಲ್ಲಿ ಅಲಂಕಾರಕ್ಕೆ ಅಂತಸ್ತುಗಳೇ ಬಂದವು. ತಳದಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ–ಮಹಾಭಾರತದ ಕಥೆ, ಮಕರ, ಹಂಸ: ಒಟ್ಟು ಎಂಟು ಪಟ್ಟಿಕೆ. ಆನೆಗಳ ಹತ್ತಿರ ಕೂತು ನೋಡಿದರೆ ಸೊಂಡಿಲು, ಹೆಜ್ಜೆ, ಮಾವುತ ಎಲ್ಲವೂ ಬೇರೆ ಬೇರೆ. ನಾಲ್ಕು ಮಾರು ಹಿಂದೆ ಸರಿದರೆ ಅವೆಲ್ಲ ಸೇರಿ ಒಂದೇ ಗೆರೆ. ಹೀಗೆ ಮರಳಿ ಮರಳಿ ಬರುವ ಚಿಕ್ಕ ರೂಪಗಳು ತಳಕ್ಕೆ ಇಳಿದು ನಿಂತಿರುವುದರಿಂದಲೇ ಮೇಲಿನ ಆಳೆತ್ತರದ ದೇವತೆಗಳು ಮೆರೆಯುತ್ತಾರೆ. ಚಾಲುಕ್ಯರಲ್ಲಿ ಬರಿಗೋಡೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೆತ್ತನೆಯೇ ಮಾಡುತ್ತಿದೆ. ಹೊಯ್ಸಳ ಗುಡಿಗಳಲ್ಲಿ ಅಲಂಕಾರ ಅತಿಯಾಯಿತು ಎನ್ನುವವರ ಮಾತನ್ನು ಒಪ್ಪಲು ನನಗೆ ಸಾಧ್ಯವಾಗದಿರುವುದು ಇದಕ್ಕಾಗಿಯೇ.

ಈ ಕ್ರಮ ಪಳಗಿ ನಿಂತದ್ದು 13ನೇ ಶತಮಾನದಲ್ಲಿ. ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವ ಗುಡಿಯಲ್ಲಿ ಪಟ್ಟಿಕೆಗಳು ಆರಕ್ಕೆ ಇಳಿದಿವೆ. ಅದಕ್ಕಿಂತ ದೊಡ್ಡ ಬದಲಾವಣೆ ಸೂರಿನ ಎರಡನೆಯ ಮುಂಚಾಚು. ಹಳೆಯ ಪದ್ಧತಿಯಲ್ಲಿ ಕಿರುಶಿಖರಗಳು ಮತ್ತು ಮೂರ್ತಿಗಳು ಒಂದೇ ಮುಂಚಾಚಿನ ಕೆಳಗೆ ಜಾಗ ಹಂಚಿಕೊಳ್ಳುತ್ತಿದ್ದವು. ಇಲ್ಲಿ ಕಿರುಶಿಖರಗಳು ಎರಡು ಮುಂಚಾಚುಗಳ ನಡುವೆ ಸೇರಿಕೊಂಡವು, ಮೂರ್ತಿಗಳಿಗೆ ಕೆಳಗಿನ ಅಂತಸ್ತು ಪೂರ್ತಿಯಾಗಿ ಸಿಕ್ಕಿತು. ಮಲ್ಲಿತಮ್ಮನಂಥ ರೂವಾರಿಗಳು ತಮ್ಮ ಹೆಸರು ಕೆತ್ತಿರುವುದೂ ಈ ಮೂರ್ತಿಗಳ ಪೀಠದಲ್ಲೇ.

ಅಲ್ಲಿಗೆ ಹೋದವರು ಜಗತಿ ಹತ್ತುವ ಮೊದಲು ಅಂಗಳದಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡು ಮುಂಚಾಚುಗಳ ನೆರಳು ನಕ್ಷತ್ರಾಕಾರದ ಗೋಡೆಯ ಮೂಲೆಮೂಲೆಗೂ ಮುರಿದು ತಿರುಗುತ್ತಾ ಹೋಗುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.