ಮುಟ್ಟಿನ ದಿನವೂ ನೀರಿಗಿಳಿಯಬಹುದು

ಈಜು ಕಲಿಯಲು ಬರುವ ಹುಡುಗಿಯರಿಗೆ ಹನ್ನೆರಡು ಹದಿಮೂರು ದಾಟುತ್ತಿದ್ದಂತೆ ಹಾಜರಿ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಹೆಂಗಸರ ಬ್ಯಾಚಿಗೆ ಈಜು ಕಲಿಸುವ ನನಗೆ ಇದರ ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ತಿಂಗಳಿಗೆ ಐದಾರು ದಿನ ಬರುವುದಿಲ್ಲ. ಫ್ರೀಸ್ಟೈಲ್‌ನಲ್ಲಿ ತಲೆ ಹೊರಳಿಸಿ ಉಸಿರು ತೆಗೆದುಕೊಳ್ಳುವ ಹದ ಆಗಷ್ಟೇ ಕೈಗೂಡಿರುತ್ತದೆ. ವಾರ ಬಿಟ್ಟು ಬಂದರೆ ಮತ್ತೆ ಮೂಗಿಗೆ ನೀರು. ಜೊತೆಯವರು ಮುಂದೆ ಹೋಗಿರುತ್ತಾರೆ. ಹೀಗೇ ಕೆಲವು ತಿಂಗಳು ಕಳೆದ ಮೇಲೆ "ಅವಳಿಗೆ ಟ್ಯೂಷನ್ ಉಂಟು ಮೇಡಂ" ಎಂದು ತಾಯಿಯ ಫೋನ್ ಬರುತ್ತದೆ. ನೇತ್ರಾವತಿ ಒಂದು ಕಡೆ, ಫಲ್ಗುಣಿ ಇನ್ನೊಂದು ಕಡೆ, ಎದುರಿಗೆ ಕಡಲು ಇರುವ ಊರಿನಲ್ಲಿ ಇನ್ನೊಬ್ಬಳು ಹುಡುಗಿ ಈಜು ಬಾರದೆಯೇ ಬೆಳೆಯುತ್ತಾಳೆ.

ಮುಟ್ಟಾದಾಗ ಈಜಬಾರದು ಎನ್ನುವುದಕ್ಕೆ ವೈದ್ಯಕೀಯ ಕಾರಣವಿಲ್ಲ. ತಣ್ಣೀರಿಗೆ ಇಳಿದರೆ ರಕ್ತ ಒಳಗೇ ಹೆಪ್ಪುಗಟ್ಟುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತುಗಳಿಗೂ ಆಧಾರವಿಲ್ಲ. ಗರ್ಭಕೋಶ ತನ್ನ ಒಳಪದರವನ್ನು ಹೊರಹಾಕಲು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಪ್ರಭಾವದಿಂದ ಹಿಂಡಿಕೊಳ್ಳುತ್ತದೆ. ಹೊಟ್ಟೆನೋವು ಬರುವುದು ಅದರಿಂದ. ಹದವಾಗಿ ಮೈ ಆಡಿಸಿದರೆ ಅನೇಕರಿಗೆ ಈ ನೋವು ಇಳಿಯುತ್ತದೆ. ಒಟ್ಟು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ, ಈಜಿನ ಮಾತಿರಲಿ, ಮೊದಲು ವೈದ್ಯರಿಗೆ ತೋರಿಸಬೇಕು.

ನೀರು ಹೊಲಸಾಗುತ್ತದೆ ಎನ್ನುವವರಿಗೂ ಉತ್ತರ ಸರಳ. ಕೊಳದಲ್ಲಿರುವುದು ಲಕ್ಷಗಟ್ಟಲೆ ಲೀಟರ್ ನೀರು. ಬೆವರು, ಎಂಜಲು, ಮಕ್ಕಳ ಮೂತ್ರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದೇ ಅದಕ್ಕೆ ಕ್ಲೋರಿನ್ ಹಾಕುತ್ತಾರೆ. ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿ ಒಂದೆರಡು ಹನಿ ರಕ್ತದಿಂದ ಯಾರಿಗೂ ರೋಗ ಹರಡುವುದಿಲ್ಲ.

ನೀರಿನಲ್ಲಿ ಸ್ರಾವ ನಿಂತೇ ಹೋಗುತ್ತದೆ ಎಂದು ಹುಡುಗಿಯರು ಪರಸ್ಪರ ಹೇಳಿಕೊಳ್ಳುತ್ತಾರೆ. ಅದು ಅರ್ಧ ನಿಜ. ಹೊರಗಿನ ನೀರಿನ ಒತ್ತಡಕ್ಕೆ ರಕ್ತ ಹೊರಬರುವುದು ಕಡಿಮೆಯಾಗಬಹುದು, ಆದರೆ ನಿಲ್ಲುವುದಿಲ್ಲ. ಕೆಮ್ಮಿದರೆ, ಜೋರಾಗಿ ನಕ್ಕರೆ ಸ್ವಲ್ಪ ಬರಬಹುದು. ನಿಜವಾದ ಕಷ್ಟ ಮೆಟ್ಟಿಲು ಹತ್ತುವಾಗ. ಮೈ ನೀರಿನಿಂದ ಹೊರಬಂದ ಕೂಡಲೇ ಒತ್ತಡ ಹೋಗಿ, ಒದ್ದೆ ಕಾಲಿನ ಮೇಲೆ ತೆಳು ಗುಲಾಬಿ ಗೆರೆಯೊಂದು ತೊಡೆಯಿಂದ ಮೊಣಕಾಲಿನವರೆಗೆ ಇಳಿಯುತ್ತದೆ. ಅಷ್ಟು ತೆಳುವಾದ ಗೆರೆ. ಅದನ್ನು ಯಾರಾದರೂ ಕಂಡರೆ ಎಂಬ ಭಯಕ್ಕೆ ಎಷ್ಟೋ ಹುಡುಗಿಯರು ಶಾಶ್ವತವಾಗಿ ಈಜು ಬಿಟ್ಟಿದ್ದಾರೆ. ಹಾಗಾಗಿ ನಮ್ಮ ಬ್ಯಾಚಿನಲ್ಲಿ ಮೆಟ್ಟಿಲಿನ ಕಂಬಿಯ ಮೇಲೆ ಗಾಢ ಬಣ್ಣದ ಟವೆಲುಗಳು ಯಾವಾಗಲೂ ನೇತಾಡುತ್ತಿರುತ್ತವೆ. ಬೇಕಾದವರು ಸುತ್ತಿಕೊಂಡು ಹೋಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ.

ಪ್ಯಾಡ್ ಕೊಳದಲ್ಲಿ ಕೆಲಸಕ್ಕೆ ಬಾರದು. ಅದರೊಳಗಿನ ಹೀರುವ ಪದಾರ್ಥಕ್ಕೆ ರಕ್ತವೂ ಒಂದೇ, ಕೊಳದ ನೀರೂ ಒಂದೇ; ನಿಮಿಷಗಳಲ್ಲಿ ಊದಿಕೊಂಡು, ಅಂಟು ಬಿಟ್ಟು ಜಾರುತ್ತದೆ. ಹೀರುವ ಪದರವಿರುವ ಈಜುಡುಗೆಗಳು ಈಗ ಸಿಗುತ್ತವೆ, ಸ್ರಾವ ಕಡಿಮೆ ಇರುವ ಕೊನೆಯ ದಿನಗಳಿಗೆ ಅವು ಸಾಕು. ಉಳಿದ ದಿನಗಳಿಗೆ ಒಳಗೇ ಇಡುವ ಟ್ಯಾಂಪನ್ ಅಥವಾ ಮುಟ್ಟಿನ ಕಪ್ ಬೇಕು.

ಟ್ಯಾಂಪನ್ ಎಂದರೆ ಒತ್ತಿ ಸುತ್ತಿದ ಹತ್ತಿ, ತುದಿಯಲ್ಲಿ ದಾರ. ನೀರಿಗಿಳಿಯುವ ಮುನ್ನ ಹೊಸದನ್ನು ಇಟ್ಟುಕೊಳ್ಳಬೇಕು, ದಾರವನ್ನು ಒಳಗೆ ಮಡಚಿಕೊಳ್ಳಬೇಕು, ಮೇಲೆ ಬಂದ ಕೂಡಲೇ ಬದಲಿಸಬೇಕು. ಎಂಟು ಗಂಟೆಗಿಂತ ಹೆಚ್ಚು ಹೊತ್ತು ಬಿಡಲೇಬಾರದು. ಹಾಗೆ ಬಿಟ್ಟರೆ ಬರಬಹುದಾದ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಕಾಯಿಲೆ ಅಪರೂಪ, ಆದರೆ ಪ್ರಾಣಕ್ಕೇ ಅಪಾಯ. 1980ರಲ್ಲಿ ಅಮೆರಿಕದಲ್ಲಿ ಹೆಚ್ಚು ಹೀರುವ ಟ್ಯಾಂಪನ್ ಬಳಸಿದ ಹೆಂಗಸರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಂಡ ಮೇಲೆ ರಿಲೈ ಎಂಬ ಬ್ರ್ಯಾಂಡನ್ನೇ ಮಾರುಕಟ್ಟೆಯಿಂದ ವಾಪಸ್ ಪಡೆದರು. ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟಂತಹ ದದ್ದು ಬಂದರೆ ಟ್ಯಾಂಪನ್ ತೆಗೆದು ಆಸ್ಪತ್ರೆಗೆ ಓಡಬೇಕು.

ನಾನು ಹೆಚ್ಚು ಹೇಳುವುದು ಕಪ್ಪಿನ ಬಗ್ಗೆ. ವೈದ್ಯಕೀಯ ದರ್ಜೆಯ ಸಿಲಿಕೋನಿನಿಂದ ಮಾಡಿದ್ದು, ಸಾಮಾನ್ಯ ಅಳತೆಯದಕ್ಕೆ 20ರಿಂದ 30 ಮಿಲಿಲೀಟರ್ ಹಿಡಿಯುತ್ತದೆ, ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಕೈ ತೊಳೆದು, ಕಪ್ಪಿನ ಅಂಚನ್ನು ಅರ್ಧಕ್ಕೆ ಮಡಚಿ, ಕುಕ್ಕುರುಗಾಲಿನಲ್ಲಿ ಕೂತು, ಬೆನ್ನಿನ ಕೆಳಭಾಗದತ್ತ ಓರೆಯಾಗಿ ಒಳಗೆ ಸರಿಸಬೇಕು. ಬಿಟ್ಟಾಗ ಅದು ಅರಳಿಕೊಳ್ಳಬೇಕು. ಬುಡದ ಸುತ್ತ ಬೆರಳಾಡಿಸಿ ನೋಡಿ. ಎಲ್ಲಿಯೂ ಮಡಿಕೆ ಸಿಗದಿದ್ದರೆ ಸರಿಯಾಗಿ ಕೂತಿದೆ ಎಂದರ್ಥ. ತೆಗೆಯುವಾಗ ಕೆಳಗಿನ ಕಡ್ಡಿಯನ್ನು ಎಳೆಯಬಾರದು, ಬುಡವನ್ನು ಹಿಚುಕಿ ಗಾಳಿ ಬಿಡಿಸಿ ಮೆಲ್ಲಗೆ ಇಳಿಸಬೇಕು. ಮುಟ್ಟು ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಐದಾರು ನಿಮಿಷ ಇಟ್ಟು, ಒಣಗಿಸಿ, ಬಟ್ಟೆಯ ಚೀಲದಲ್ಲಿಡಬೇಕು. ಮೊದಲ ಸಲವೇ ಕೊಳಕ್ಕೆ ಹಾಕಿಕೊಂಡು ಬರಬೇಡಿ. ಮನೆಯಲ್ಲಿ, ಅವಸರವಿಲ್ಲದ ದಿನ, ಒಂದೆರಡು ಮುಟ್ಟು ಅಭ್ಯಾಸ ಮಾಡಿಕೊಳ್ಳಿ. ಗರ್ಭನಿರೋಧಕ ವಂಕಿ ಹಾಕಿಸಿಕೊಂಡವರು, ಇತ್ತೀಚೆಗೆ ಹೆತ್ತವರು, ಗರ್ಭಕೋಶ ಜಾರಿದವರು ವೈದ್ಯರನ್ನು ಕೇಳದೆ ಬಳಸಬಾರದು.

ನಮ್ಮ ಜಿಲ್ಲೆಯವರಿಗೆ ಕಪ್ಪು ಪೂರ್ತಿ ಹೊಸತಲ್ಲ. ರಾಜ್ಯ ಸರ್ಕಾರ ಪ್ರಾಯೋಗಿಕವಾಗಿ ವಿದ್ಯಾರ್ಥಿನಿಯರಿಗೆ ಕಪ್ ಹಂಚಲು ಆರಿಸಿಕೊಂಡದ್ದು ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳನ್ನೇ. 'ಮೈತ್ರಿ' ಎಂಬ ಹೆಸರಿನ ಆ ಕಪ್ಪು ಎಷ್ಟೋ ಮನೆಗಳ ಕಪಾಟಿನಲ್ಲಿ ಈಗಲೂ ಪೆಟ್ಟಿಗೆ ಒಡೆಯದೆ ಕೂತಿರಬಹುದು. ಕಾರಣ ಒಂದೇ ಪ್ರಶ್ನೆ. ತಾಯಂದಿರು ನನ್ನನ್ನು ಬದಿಗೆ ಕರೆದು, ದನಿ ತಗ್ಗಿಸಿ ಕೇಳುತ್ತಾರೆ: "ಮದುವೆಯಾಗದವರು ಇದನ್ನು ಹಾಕ್ಕೊಳ್ಳಬಹುದಾ?" ಹಾಕಿಕೊಳ್ಳಬಹುದು. ಕನ್ಯಾಪೊರೆ ಹಿಗ್ಗುವ ಗುಣದ್ದು, ಅದರಲ್ಲಿ ರಂಧ್ರ ಇರುವುದರಿಂದಲೇ ಮುಟ್ಟಿನ ರಕ್ತ ಹೊರಬರುತ್ತದೆ. ಕಪ್ಪಿನಿಂದ ಅದು ಸ್ವಲ್ಪ ಹಿಗ್ಗಬಹುದು, ಸೈಕಲ್ ತುಳಿದರೂ ಹಿಗ್ಗಬಹುದು. ಕನ್ಯತ್ವವನ್ನು ಪರೀಕ್ಷಿಸಿ ಹೇಳಲು ಸಾಧ್ಯವೇ ಇಲ್ಲ, ಅಂಥ ಪರೀಕ್ಷೆಗಳನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿಯೇ ಹೇಳಿದೆ. ಇದನ್ನು ನಾನು ತಾಯಂದಿರಿಗೆ ಎಷ್ಟು ಸಲ ಬೇಕಾದರೂ ಹೇಳಲು ತಯಾರಿದ್ದೇನೆ.

ಸ್ಪರ್ಧೆಗೆ ಇಳಿಯುವವರಿಗೆ ದಿನ ಆರಿಸಿಕೊಳ್ಳುವ ಅವಕಾಶ ಇಲ್ಲ. 2016ರ ರಿಯೊ ಒಲಿಂಪಿಕ್ಸ್‌ನ 4x100 ಮೀಟರ್ ಮೆಡ್ಲೆ ರಿಲೇಯಲ್ಲಿ ಚೀನಾ ನಾಲ್ಕನೆಯದಾದಾಗ, ಆ ತಂಡದ ಫು ಯುವಾನ್‌ಹುಯಿ ನೋವಿನಿಂದ ಹೊಟ್ಟೆ ಹಿಡಿದು ಕೂತಿದ್ದಳು. ಹಿಂದಿನ ರಾತ್ರಿ ತನಗೆ ಮುಟ್ಟಾಗಿದೆ, ಸುಸ್ತಾಗಿದೆ, ಆದರೆ ಅದು ನೆಪವಲ್ಲ ಎಂದು ಟಿವಿಯ ಮುಂದೆ ನೇರವಾಗಿ ಹೇಳಿದಳು. ಮುಟ್ಟಾದವಳು ನೀರಿಗೆ ಹೇಗಿಳಿದಳು ಎಂದು ಆ ದೇಶದಲ್ಲಿಯೂ ಜನ ಅಚ್ಚರಿಪಟ್ಟರು. ಅದಕ್ಕೂ ಕೆಲವು ದಿನ ಮೊದಲು 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದಿದ್ದ ಹುಡುಗಿ ಅವಳು. ನನ್ನ ವಿದ್ಯಾರ್ಥಿನಿಯರಿಗೆ ಅವಳ ಹೆಸರು ಗೊತ್ತಿರಬೇಕು ಎಂಬುದು ನನ್ನ ಆಸೆ.

ಸ್ಪರ್ಧೆ ಇದೆಯೆಂದು ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ತಂದು ನುಂಗಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಅದು ಹಾರ್ಮೋನ್. ಹಬ್ಬಕ್ಕೆ, ಪೂಜೆಗೆ, ಮೀಟ್‌ಗೆ ಎಂದು ಸಿಕ್ಕಸಿಕ್ಕಾಗ ತೆಗೆದುಕೊಳ್ಳುವಂಥದ್ದಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗಂತೂ ಅಪಾಯ. ವೈದ್ಯರ ಚೀಟಿ ಇಲ್ಲದೆ ಬೇಡ.

ನೋವು ಹೆಚ್ಚಿದ್ದರೆ, ಮನಸ್ಸಿಲ್ಲದಿದ್ದರೆ ಆ ದಿನ ಇಳಿಯದಿರುವುದೂ ಸರಿಯೇ. ಕಪ್ಪು ಬೇಡವೆನ್ನುವ ಹುಡುಗಿಗೆ ನಾನು ಒತ್ತಾಯ ಮಾಡುವುದಿಲ್ಲ. ದಂಡೆಯ ಮೇಲೆ ಕೈಬೀಸಿನ ವ್ಯಾಯಾಮ ಮಾಡಿಸುತ್ತೇನೆ, ಹಾಜರಿ ಹಾಕುತ್ತೇನೆ. ಕೋಚ್‌ಗಳು ಮಾಡಬೇಕಾದ್ದು ಇಷ್ಟೇ. ರಜೆ ಯಾಕೆ ಎಂದು ಎಲ್ಲರೆದುರು ಕೂಗಿ ಕೇಳದಿರುವುದೂ ಅದರಲ್ಲಿ ಸೇರಿದೆ.

ಬೇಸಿಗೆ ಶಿಬಿರಕ್ಕೆ ಮಗಳ ಹೆಸರು ಬರೆಸುವ ತಂದೆತಾಯಿಗಳಲ್ಲಿ ನನ್ನ ಕೋರಿಕೆ: ಕೊಳದ ಆಳ ಎಷ್ಟು ಎಂದು ಕೇಳುವಾಗಲೇ ಹೆಂಗಸರ ಶೌಚಾಲಯವನ್ನೂ ತೋರಿಸಿ ಎಂದು ಕೇಳಿ. ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಸೋಪು ಮತ್ತು ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಶುಲ್ಕ ಕಟ್ಟುವ ಮೊದಲು ಹಾಕಿಸಿಕೊಡಿ ಎನ್ನಿ.