ನಿಮ್ಮ ಮನೆಯ ಹಿರಣ್ಯಕಶಿಪು ಯಾರು?



'ಮಹಾವತಾರ್ ನರಸಿಂಹ' ನೋಡಿದಿರಾ? 2025ರ ಜುಲೈ 25ರಂದು ತೆರೆಕಂಡ ಈ ಆ್ಯನಿಮೇಷನ್ ಚಿತ್ರದ ನಿರ್ದೇಶಕರು ಅಶ್ವಿನ್ ಕುಮಾರ್. ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲಂಸ್. ಚಿತ್ರ ನೋಡಿ ಬಂದ ಮನೆಗಳಲ್ಲಿ ಈಗ ಎರಡು ಪಕ್ಷ!

ಮಕ್ಕಳಿಗೆ ಕೊನೆಯ ಕಾಳಗವೇ ಇಷ್ಟ. ದೊಡ್ಡವರು ಮಾತ್ರ 1983ರ 'ಭಕ್ತ ಪ್ರಹ್ಲಾದ' ಬಿಡುವುದಿಲ್ಲ. ಅಲ್ಲಿ ಅಣ್ಣಾವ್ರು ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಆ ಗತ್ತು ಬೊಂಬೆಗೆ ಬಂದೀತೇ ಎಂಬುದು ಅವರ ವಾದ. ಇಬ್ರಾಹಿಂಪಟ್ನಂ, ವಿಜಯವಾಡ ಕಡೆಯ ಪಕ್ಕದ ಮನೆಯವರನ್ನು ಕೇಳಿ, 1967ರ ತೆಲುಗು ಚಿತ್ರದ ಎಸ್.ವಿ. ರಂಗಾರಾವ್ ಹೆಸರು ಹೇಳುತ್ತಾರೆ!

ಆದರೆ ಬೊಂಬೆಗೂ ಒಂದು ಅನುಕೂಲವಿದೆ. ಅದರ ಮುಖ ಒಂದೇ, ಧ್ವನಿ ಮಾತ್ರ ಭಾಷೆಗೊಂದು. ಹಾಗಾಗಿ ಕನ್ನಡದಲ್ಲಿ ಕೇಳಿದರೂ ನಟನ ಸ್ವಂತ ಧ್ವನಿ ತಪ್ಪಿತೆಂಬ ಕೊರತೆ ಇಲ್ಲ. ಶಾಲೆಯಲ್ಲಿ, ಬೀದಿಯಲ್ಲಿ ತೆಲುಗು ಕೇಳುವ ನಮ್ಮ ಮಕ್ಕಳಿಗೆ ಪ್ರಹ್ಲಾದ ಕನ್ನಡದಲ್ಲಿ ಮಾತಾಡಲಿ ಎನ್ನುವವರಿಗೆ ಇದು ಸಣ್ಣ ಲಾಭವಲ್ಲ.

ಚಿತ್ರದಲ್ಲಿ ಮೊದಲು ವರಾಹ, ಆಮೇಲೆ ನರಸಿಂಹ. ವಿಶಾಖಪಟ್ಟಣದ ಸಿಂಹಾಚಲದಲ್ಲಿ ಈ ಎರಡೂ ಅವತಾರಗಳು ಒಂದೇ ಮೂರ್ತಿಯಲ್ಲಿವೆ. ಮಕ್ಕಳನ್ನು ಕರೆದೊಯ್ದು ತೋರಿಸಿ, ಕಥೆ ಕನ್ನಡದಲ್ಲೇ ಹೇಳಿ.

ಅಂದಹಾಗೆ, ನಿಮ್ಮ ಮನೆಯಲ್ಲಿ ಗೆದ್ದದ್ದು ಅಣ್ಣಾವ್ರೋ, ಬೊಂಬೆಯೋ? ಬರೆದು ತಿಳಿಸಿ!